ವಿಡಿಯೋ ಗೇಮ್ ಮತ್ತು ಕಲೆ: ಬಿದ್ರಿ ಕಲಿಸುವ ಪಾಠ

ಕಂಪ್ಯೂಟರ್, ಮೊಬೈಲ್ ಫೋನ್ ಅಥವಾ ಟಿವಿಗೆ ಜೋಡಿಸುವ ಯಂತ್ರದ ನೆರವಿನಿಂದ ಪರದೆಯ ಮೇಲೆ ಆಡುವ ಆಟವೇ ವಿಡಿಯೋ ಗೇಮ್. ಚಿತ್ರ, ಸಂಗೀತ, ಕತೆ, ಮಾತು ಎಲ್ಲವೂ ಅದರಲ್ಲಿ ಇರಬಹುದು. ಆದರೆ ಸಿನಿಮಾದಿಂದಲೂ ಪುಸ್ತಕದಿಂದಲೂ ಅದನ್ನು ಬೇರ್ಪಡಿಸುವುದು ಒಂದೇ ಗುಣ: ಆಡುವವರು ಏನು ಮಾಡುತ್ತಾರೋ ಅದಕ್ಕೆ ತಕ್ಕಂತೆ ಮುಂದೆ ನಡೆಯುವುದು ಬದಲಾಗುತ್ತದೆ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ತೋರಿಸಿದ 'ಟೆನಿಸ್ ಫಾರ್ ಟೂ', 1962ರಲ್ಲಿ ಎಂಐಟಿಯಲ್ಲಿ ಹುಟ್ಟಿದ 'ಸ್ಪೇಸ್‌ವಾರ್', 1972ರ 'ಪಾಂಗ್' ಈ ಮಾಧ್ಯಮದ ಮೊದಲ ಹೆಜ್ಜೆಗಳು. ಅಲ್ಲಿಂದ ಆರು ದಶಕ ಕಳೆಯುವಷ್ಟರಲ್ಲಿ ಅದು ಪ್ರಪಂಚದ ದೊಡ್ಡ ಮನರಂಜನಾ ಉದ್ಯಮಗಳಲ್ಲಿ ಒಂದಾಗಿ ಬೆಳೆದಿದೆ. ಇದನ್ನು ಸಾಹಿತ್ಯ, ಸಂಗೀತ, ಚಿತ್ರ, ಶಿಲ್ಪಗಳ ಸಾಲಿನಲ್ಲಿ ಕೂರಿಸಬಹುದೇ ಎಂಬ ಪ್ರಶ್ನೆ ಮಾತ್ರ ಇನ್ನೂ ಜೀವಂತವಾಗಿದೆ. ಕೂರಿಸಬಹುದು, ಕೂರಿಸಬೇಕು ಎಂಬುದು ಈ ಲೇಖನದ ನಿಲುವು. ಅದಕ್ಕೆ ಆಧಾರವಾಗಿ ಇಲ್ಲಿ ಮುಖ್ಯವಾಗಿ ತೆಗೆದುಕೊಂಡಿರುವುದು ಬೀದರ್ ನಗರದ ಬಿದ್ರಿ ಕೆಲಸದ ಚರಿತ್ರೆಯನ್ನು. ಇಂದು ವಿಡಿಯೋ ಗೇಮ್‌ಗಳ ಬಗ್ಗೆ ಎತ್ತುವ ಆಕ್ಷೇಪಗಳಲ್ಲಿ ಹೆಚ್ಚಿನವನ್ನು ಒಂದು ಕಾಲದಲ್ಲಿ ಬಿದ್ರಿಯಂಥ ಕೆಲಸಗಳ ಮೇಲೂ ಹೊರಿಸಲಾಗಿತ್ತು. ಆ ಆಕ್ಷೇಪಗಳು ಅಲ್ಲಿ ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ ಎಂಬುದನ್ನು ತಿಳಿದರೆ ಇಲ್ಲಿಯೂ ತೀರ್ಮಾನ ಸುಲಭವಾಗುತ್ತದೆ.

ವಿವಾದದ ಹಿನ್ನೆಲೆ

ಅಮೆರಿಕದ ಹೆಸರಾಂತ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ 2010ರ ಏಪ್ರಿಲ್‌ನಲ್ಲಿ ಬರೆದ ಲೇಖನವೊಂದರಲ್ಲಿ ವಿಡಿಯೋ ಗೇಮ್ ಎಂದಿಗೂ ಕಲೆಯಾಗಲಾರದು ಎಂದು ವಾದಿಸಿದರು. ಆಟಕ್ಕೆ ನಿಯಮ, ಗುರಿ, ಗೆಲುವು ಇರುತ್ತವೆ, ಕಲೆಯನ್ನು ಯಾರೂ ಗೆಲ್ಲುವುದಿಲ್ಲ ಎಂಬುದು ಅವರ ಮುಖ್ಯ ತರ್ಕ. ಕೆಲವೇ ತಿಂಗಳಲ್ಲಿ ಅವರು ತಮ್ಮ ಮಾತನ್ನು ಸ್ವಲ್ಪ ಸಡಿಲಿಸಿದರೂ ತರ್ಕ ಇಂದಿಗೂ ಚಲಾವಣೆಯಲ್ಲಿದೆ. ಸಂಸ್ಥೆಗಳ ನಡೆ ಮಾತ್ರ ಬೇರೆ ದಿಕ್ಕಿನಲ್ಲಿ ಸಾಗಿದೆ. ಫ್ರಾನ್ಸ್ ಸರಕಾರ 2006ರಲ್ಲಿ ಶಿಗೆರು ಮಿಯಾಮೊಟೊ ಸೇರಿದಂತೆ ಮೂವರು ಗೇಮ್ ರಚನಕಾರರಿಗೆ ಕಲೆ ಮತ್ತು ಸಾಹಿತ್ಯಕ್ಕೆ ಕೊಡುವ ತನ್ನ ಗೌರವ ಪದವಿಯನ್ನು ನೀಡಿತು. 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಪುಸ್ತಕ, ನಾಟಕ, ಸಿನಿಮಾಗಳಿಗೆ ಇರುವ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆ ವಿಡಿಯೋ ಗೇಮ್‌ಗಳಿಗೂ ಉಂಟು ಎಂದು ತೀರ್ಪಿತ್ತಿತು. 2012ರಲ್ಲಿ ಸ್ಮಿತ್ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂ ಈ ವಿಷಯದ ಮೇಲೆಯೇ ದೊಡ್ಡ ಪ್ರದರ್ಶನ ನಡೆಸಿತು; ಅದೇ ವರ್ಷ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ 'ಪ್ಯಾಕ್‌ಮ್ಯಾನ್', 'ಟೆಟ್ರಿಸ್', 'ಮಿಸ್ಟ್' ಮೊದಲಾದ 14 ಗೇಮ್‌ಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಭಾರತದಲ್ಲಿ ಚಿತ್ರ ಬೇರೆಯೇ ಇದೆ. ಇಲ್ಲಿ ಇ-ಸ್ಪೋರ್ಟ್ಸ್ (ವಿಡಿಯೋ ಗೇಮ್ ಸ್ಪರ್ಧೆಗಳು) ಕ್ರೀಡಾ ಇಲಾಖೆಗೆ, ಆನ್‌ಲೈನ್ ಗೇಮಿಂಗ್ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯಕ್ಕೆ ಸೇರಬೇಕೆಂದು 2022ರ ಡಿಸೆಂಬರ್‌ನಲ್ಲಿ ನಿಗದಿಯಾಯಿತು. ಅನಿಮೇಷನ್ ಮತ್ತು ಗೇಮ್ ತಯಾರಿಕೆಯ ಕಾರ್ಯಪಡೆಯನ್ನು ರಚಿಸಿದ್ದು ವಾರ್ತಾ ಮತ್ತು ಪ್ರಸಾರ ಸಚಿವಾಲಯ. ಕ್ರೀಡೆ, ತಂತ್ರಜ್ಞಾನ, ಉದ್ಯಮ ಎಂಬ ಮೂರು ಬಾಗಿಲುಗಳು ತೆರೆದಿವೆ. ಸಂಸ್ಕೃತಿಯ ಬಾಗಿಲು ಇನ್ನೂ ತೆರೆದಿಲ್ಲ.

ಬಿದ್ರಿಯ ಸಾಕ್ಷ್ಯ

ಬಿದ್ರಿ ಕೆಲಸದ ಮೂಲವಸ್ತು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿದ ಮಿಶ್ರಲೋಹ. ಸಾಮಾನ್ಯವಾಗಿ 16 ಪಾಲು ಸತುವಿಗೆ ಒಂದು ಪಾಲು ತಾಮ್ರ. ಇದನ್ನು ಕರಗಿಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನಯಮಾಡಿ, ಗೆರೆ ಎದ್ದು ಕಾಣಲೆಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಅದರ ಮೇಲೆ ಉಳಿಯಿಂದ ಹೂಬಳ್ಳಿಯ ವಿನ್ಯಾಸ ಕೊರೆದು, ಕೊರೆದ ಜಾಗದಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ತಂತಿಯ ಕೆಲಸಕ್ಕೆ ತಾರ್‌ಕಶಿ ಎಂದೂ ತಗಡಿನ ಕೆಲಸಕ್ಕೆ ತಹನಿಶಾನ್ ಎಂದೂ ಹೆಸರು. ಕೊನೆಗೆ ಬೀದರ್ ಕೋಟೆಯ ಹಳೆಯ ಕಟ್ಟಡಗಳ ಒಳಗಿನಿಂದ ತಂದ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಬಿಸಿಮಾಡಿದ ವಸ್ತುವಿಗೆ ಬಳಿಯುತ್ತಾರೆ. ಲೋಹ ಗಾಢ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಬಹಮನಿ ಸುಲ್ತಾನ ಅಹ್ಮದ್ ಶಾಹನ ಕಾಲದಲ್ಲಿ ಅಬ್ದುಲ್ಲಾ ಬಿನ್ ಕೈಸರ್ ಎಂಬ ಇರಾನಿ ಕುಶಲಕರ್ಮಿ ಇದನ್ನು ಇಲ್ಲಿಗೆ ತಂದನೆಂಬುದು ಪರಂಪರೆಯ ನಂಬಿಕೆ. ಹೀಗೆ ತಯಾರಾಗುತ್ತಿದ್ದುದು ಹುಕ್ಕಾದ ಬುಡ, ಪಾನದಾನ, ಹೂಜಿ, ತಟ್ಟೆ, ಹೂದಾನಿಯಂಥ ದಿನಬಳಕೆಯ ಸಾಮಾನುಗಳೇ. ಗೋಡೆಗೆ ತೂಗುಹಾಕಿ ದೂರದಿಂದ ನೋಡುವುದಕ್ಕಾಗಿ ಅವು ಹುಟ್ಟಲಿಲ್ಲ. ಕೈಯಲ್ಲಿ ಹಿಡಿಯುವುದಕ್ಕೆ, ಬಳಸುವುದಕ್ಕೆ, ಅತಿಥಿಗಳ ಮುಂದಿಡುವುದಕ್ಕೆ ಹುಟ್ಟಿದವು.

ಈ ಸಾಮಾನುಗಳನ್ನು ಏನೆಂದು ಕರೆಯಬೇಕು ಎಂಬುದರಲ್ಲಿ ಸರಕಾರಿ ದಾಖಲೆಗಳಿಗೇ ಒಮ್ಮತವಿಲ್ಲ. ಬಿದ್ರಿಗೆ 2006ರಲ್ಲಿ ಸಿಕ್ಕ ಭೌಗೋಳಿಕ ಸೂಚಕ ಮಾನ್ಯತೆ ಕರಕುಶಲ ವಸ್ತುಗಳ ವರ್ಗದಲ್ಲಿದೆ. ಕರಕುಶಲ ಕ್ಷೇತ್ರದ ಆಡಳಿತ ಜವಳಿ ಸಚಿವಾಲಯದ ಕೈಯಲ್ಲಿದೆ. ಆದರೆ 2023ರಲ್ಲಿ ಬೀದರ್‌ನ ಶಾಹ್ ರಶೀದ್ ಅಹ್ಮದ್ ಕಾದ್ರಿ ಅವರಿಗೆ ಪದ್ಮಶ್ರೀ ಕೊಟ್ಟಾಗ ಅವರ ಹೆಸರು ಬಂದದ್ದು ಕಲಾ ವಿಭಾಗದಲ್ಲಿ. ಒಂದೇ ಕೈಕೆಲಸ ಒಂದು ಪಟ್ಟಿಯಲ್ಲಿ ಸರಕು, ಇನ್ನೊಂದು ಪಟ್ಟಿಯಲ್ಲಿ ಕಲೆ. ಇದರಲ್ಲಿ ಒಂದು ಪಟ್ಟಿ ತಪ್ಪು, ಇನ್ನೊಂದು ಸರಿ ಎನ್ನಬೇಕಾಗಿಲ್ಲ. ಮಾರಾಟದ ವಸ್ತುವಾಗಿರುವುದು, ಬಳಕೆಗೆ ಬರುವುದು, ಕುಲಕಸುಬಾಗಿ ಹರಿದುಬಂದಿರುವುದು ಇವು ಯಾವುವೂ ಕಲೆಯಾಗುವುದಕ್ಕೆ ಅಡ್ಡಿಯಲ್ಲ ಎಂಬುದನ್ನೇ ಈ ಎರಡು ಪಟ್ಟಿಗಳು ಒಟ್ಟಾಗಿ ಹೇಳುತ್ತವೆ. ಕಪ್ಪಿನ ಮೇಲೆ ಬೆಳ್ಳಿಗೆರೆಯ ನಡಿಗೆ, ಖಾಲಿ ಬಿಟ್ಟ ಜಾಗ ಮತ್ತು ತುಂಬಿದ ಜಾಗದ ನಡುವಿನ ಹದ, ಹುಕ್ಕಾದ ದುಂಡು ಮೈಗೆ ಬಳ್ಳಿ ಸುತ್ತುವ ರೀತಿ, ಇವನ್ನು ನೋಡಿಯೇ ಒಂದು ಬಿದ್ರಿ ವಸ್ತುವಿನ ಬೆಲೆ ಕಟ್ಟುತ್ತೇವೆ. ಆ ಬೆಲೆ ಕಟ್ಟುವಾಗ ಅದು ಹುಕ್ಕಾ ಎಂಬ ಸಂಗತಿ ಮರೆತುಹೋಗುವುದಿಲ್ಲ. ದುಂಡು ಮೈಯ ಮೇಲೆ ಬಳ್ಳಿಯನ್ನು ಹಾಯಿಸುವ ಸವಾಲು ಹುಟ್ಟಿದ್ದೇ ಅದು ಹುಕ್ಕಾ ಆಗಿದ್ದರಿಂದ.

ವಸಾಹತು ಕಾಲದಲ್ಲಿ ಈ ಮಾತನ್ನು ಒಪ್ಪಿಸುವುದು ಕಷ್ಟವಿತ್ತು. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಬಿದ್ರಿ ಸಾಮಾನುಗಳೂ ಇದ್ದವು. ಆದರೆ 1880ರಲ್ಲಿ ಜಾರ್ಜ್ ಬರ್ಡ್‌ವುಡ್ ಪ್ರಕಟಿಸಿದ ಪುಸ್ತಕ ಬಿದ್ರಿಯಂಥ ಕೆಲಸಗಳನ್ನು ಮೆಚ್ಚಿದರೂ ಅವನ್ನು ಭಾರತದ 'ಔದ್ಯಮಿಕ ಕಲೆ'ಗಳ ಸಾಲಿಗೆ ಹಾಕಿ, ಉನ್ನತ ಅರ್ಥದ ಚಿತ್ರಕಲೆ ಮತ್ತು ಶಿಲ್ಪಕಲೆ ಭಾರತಕ್ಕೆ ಗೊತ್ತೇ ಇಲ್ಲ ಎಂಬ ನಿಲುವು ತಳೆಯಿತು. ಅವರು ಅದೇ ಹಟವನ್ನು 1910ರಲ್ಲಿ ಬುದ್ಧನ ವಿಗ್ರಹವೊಂದರ ಬಗ್ಗೆಯೂ ತೋರಿಸಿದಾಗ ಹ್ಯಾವೆಲ್, ಆನಂದ ಕುಮಾರಸ್ವಾಮಿ ಮೊದಲಾದ ಕಲಾ ಚಿಂತಕರು ಸಿಡಿದೆದ್ದರು. ಭಾರತೀಯ ಕಲೆಯ ಪರವಾಗಿ ನಿಲ್ಲಲು ಲಂಡನ್ನಿನಲ್ಲಿ ಇಂಡಿಯಾ ಸೊಸೈಟಿ ಹುಟ್ಟಿತು. ಬುದ್ಧನ ವಿಗ್ರಹ ಕಲೆಯೇ ಎಂದು ಕೇಳಿದರೆ ಇಂದು ಯಾರಿಗಾದರೂ ಆಶ್ಚರ್ಯವಾದೀತು. ಆದರೆ ನೂರು ಚಿಲ್ಲರೆ ವರ್ಷಗಳ ಹಿಂದೆ ಅದು ಓದು ಬಲ್ಲವರ ನಡುವಿನ ಗಂಭೀರ ಜಗಳವಾಗಿತ್ತು. ಚಿತ್ರ, ಶಿಲ್ಪ, ಸಂಗೀತ, ಕಾವ್ಯ, ನೃತ್ಯಗಳನ್ನಷ್ಟೇ ಒಂದು ಕಟ್ಟಿಗೆ ಸೇರಿಸಿ ಲಲಿತಕಲೆ ಎಂದು ಬೇರೆ ಎತ್ತರದಲ್ಲಿ ಇಡುವ ಯುರೋಪಿನ ಕ್ರಮವೂ ಪುರಾತನವಲ್ಲ. 1746ರಲ್ಲಿ ಶಾರ್ಲ್ ಬಾತೊ ಎಂಬ ಫ್ರೆಂಚ್ ಲೇಖಕ ಬರೆದ ಗ್ರಂಥದ ಹೊತ್ತಿಗಷ್ಟೇ ಅದಕ್ಕೆ ಖಚಿತ ರೂಪ ಬಂತೆಂದು ಚರಿತ್ರಕಾರ ಪಾಲ್ ಕ್ರಿಸ್ಟೆಲರ್ ವಿವರವಾಗಿ ತೋರಿಸಿದ್ದಾರೆ. ಸುಮಾರು 280 ವರ್ಷ ವಯಸ್ಸಿನ ಒಂದು ಬೇಲಿಯನ್ನು ಸನಾತನ ನಿಯಮವೆಂದು ಹಿಡಿದು ಹೊಸ ಮಾಧ್ಯಮಗಳನ್ನು ಹೊರಗಿಡುವುದು ನ್ಯಾಯವಲ್ಲ.

ಆಟವೂ ಕಲೆಯೂ ಒಂದೇ ಅಂಗಳದಲ್ಲಿ

ಭಾರತದ ಹಳೆಯ ಗ್ರಂಥಗಳು ಆಟವನ್ನು ಕಲೆಯಿಂದ ಇಷ್ಟು ದೂರ ಇಟ್ಟಿರಲಿಲ್ಲ. ವಾತ್ಸ್ಯಾಯನನ ಅರುವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಗೀತ, ನೃತ್ಯ, ಆಲೇಖ್ಯಗಳ ಜೊತೆಗೇ ದ್ಯೂತದ ಬಗೆಗಳು, ದಾಳದಾಟ, ಒಗಟು, ಮಕ್ಕಳ ಆಟಿಕೆಗಳ ತಯಾರಿಕೆ ಸೇರಿವೆ. ಆ ಪಟ್ಟಿಯಲ್ಲಿ ಎಣಿಸಿರುವುದು ಒಟ್ಟಾರೆ ಕೌಶಲಗಳನ್ನು. ಆದ್ದರಿಂದ ಅದೊಂದರಿಂದಲೇ ವಾದ ಗೆದ್ದಂತಾಗುವುದಿಲ್ಲ ಎಂಬುದು ನಿಜ. ನಾಟ್ಯಶಾಸ್ತ್ರದ ಸಾಕ್ಷ್ಯ ಇದಕ್ಕಿಂತ ಗಟ್ಟಿಯಾದುದು. ಅದರ ಮೊದಲ ಅಧ್ಯಾಯದಲ್ಲಿ ಇಂದ್ರ ಮತ್ತು ದೇವತೆಗಳು ಬ್ರಹ್ಮನ ಬಳಿ ಹೋಗಿ ಕಣ್ಣಿಗೂ ಕಿವಿಗೂ ಒದಗುವ ಆಟದ ವಸ್ತುವೊಂದನ್ನು ಬೇಡುತ್ತಾರೆ. ಅದಕ್ಕೆ ಉತ್ತರವಾಗಿ ಬ್ರಹ್ಮ ನಾಲ್ಕು ವೇದಗಳಿಂದ ಸಾರ ತೆಗೆದು ನಾಟ್ಯವನ್ನು ಸೃಷ್ಟಿಸುತ್ತಾನೆ. ರಸಸಿದ್ಧಾಂತದ ಮೂಲಗ್ರಂಥವೇ ನಾಟಕದ ಹುಟ್ಟನ್ನು ಆಟದ ಬಯಕೆಯಲ್ಲಿ ಕಂಡಿದೆ. ಬಯಕೆ ಆಟದ್ದಾಗಿದ್ದರೂ ದೊರೆತದ್ದು ರಸಾನುಭವ. ಆಟವೆಂಬ ಕಾರಣಕ್ಕೇ ಒಂದು ರಚನೆಯನ್ನು ಹಗುರವೆಂದು ತಳ್ಳಿಹಾಕುವವರು ಈ ಕತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕರ್ನಾಟಕದಲ್ಲಿ ಆಟದ ರಚನೆಯನ್ನೇ ಕಲಾಕಾರ್ಯವಾಗಿ ಕೈಗೊಂಡ ಅಸಾಧಾರಣ ಉದಾಹರಣೆಯೊಂದು ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಮ್ಮ ಆಶ್ರಯದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ' ಎಂಬ ಬೃಹತ್ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯನ್ನು ಆಟಗಳಿಗೆ ಮೀಸಲಿಟ್ಟರು. ದೇವತಾಮೂರ್ತಿಗಳ ಲಕ್ಷಣ ಹೇಳುವ ನಿಧಿಗಳಿಗೂ ಆಟಗಳನ್ನು ವಿವರಿಸುವ ನಿಧಿಗೂ ಅಲ್ಲಿ ಒಂದೇ ಗೌರವ. ಚದುರಂಗದ ಕುದುರೆ ಪ್ರತಿ ಮನೆಯನ್ನೂ ಒಂದೊಂದೇ ಸಲ ಮುಟ್ಟುವ ತುರಗಗತಿಯ ಸಮಸ್ಯೆಗಳನ್ನು ಅವರು ಬಿಡಿಸಿದರು, 'ಚದ' ಎಂಬ ಹೆಸರಿನಲ್ಲಿ ಹಲವು ಬಗೆಯ ಗಂಜೀಫಾ ಎಲೆಗಳ ಆಟಗಳನ್ನು ರೂಪಿಸಿದರು. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಗಳಿಗೆ ಹನ್ನೆರಡರಂತೆ 120 ಎಲೆಗಳು. ಪ್ರತಿಯೊಂದೂ ಕೈಯಿಂದ ಬರೆದ ಚಿತ್ರ. ಈ ಎಲೆಗಳನ್ನು ಮೈಸೂರು ಶೈಲಿಯ ಚಿತ್ರಕಲೆಯ ಭಾಗವೆಂದು ಒಪ್ಪುವುದಕ್ಕೆ ಯಾರಿಗೂ ತಕರಾರಿಲ್ಲ. ಅದೇ ತುರಗಗತಿ ಸಂಸ್ಕೃತದ ಚಿತ್ರಕಾವ್ಯದಲ್ಲಿ ತುರಗಬಂಧವಾಗಿ ಬಂದಿದೆ. ಅಕ್ಷರಗಳನ್ನು ಮನೆಗಳಲ್ಲಿ ಜೋಡಿಸಿ, ಕುದುರೆಯ ನಡೆಯಂತೆ ಓದಿದಾಗಲೂ ಪದ್ಯ ಸಿಗುವಂತೆ ಮಾಡುವ ಕವಿಯೂ ಒಂದು ನಿಯಮವನ್ನು ತಾನಾಗಿ ಹೇರಿಕೊಂಡು ಅದರೊಳಗೆ ಸೌಂದರ್ಯ ಹುಡುಕುವವನೇ. ಆಟದ ನಿಯಮಕ್ಕೂ ಕಾವ್ಯದ ಬಂಧಕ್ಕೂ ನಡುವೆ ಇರುವುದು ಗೋಡೆಯಲ್ಲ, ಓಡಾಟದ ದಾರಿ ಎಂಬುದು ಇದರಿಂದ ಸ್ಪಷ್ಟ.

ವಿಡಿಯೋ ಗೇಮ್‌ನ ಸ್ವಂತ ಕಲೆ ಯಾವುದು

ಇಲ್ಲೊಂದು ಸೂಕ್ಷ್ಮವಾದ ಆಕ್ಷೇಪವಿದೆ. ಗೇಮಿನ ಒಳಗಿನ ಚಿತ್ರ ಕಲೆ, ಸಂಗೀತ ಕಲೆ, ಸಂಭಾಷಣೆ ಸಾಹಿತ್ಯ ಎಂದು ಒಪ್ಪಿದರೂ ಗೇಮ್ ಎಂಬ ಗೇಮ್ ಕಲೆಯಾಗುವುದು ಹೇಗೆ ಎಂಬುದು ಅದು. ಗಂಜೀಫಾದ ಎಲೆಯ ಚಿತ್ರ ಬೇರೆ, ಎಲೆಯಾಟ ಬೇರೆ ಎಂದು ಇದೇ ರೀತಿ ಹೇಳಬಹುದು. ಇದಕ್ಕೆ ಉತ್ತರ ಸಿಗುವುದು ನಿಯಮಗಳಿಂದಲೇ ಅರ್ಥ ಹುಟ್ಟಿಸುವ ಗೇಮ್‌ಗಳಲ್ಲಿ. ಲೂಕಸ್ ಪೋಪ್ 2013ರಲ್ಲಿ ಹೊರತಂದ 'ಪೇಪರ್ಸ್, ಪ್ಲೀಸ್' ಗೇಮಿನಲ್ಲಿ ಆಡುವವರು ಒಂದು ಸರ್ವಾಧಿಕಾರಿ ದೇಶದ ಗಡಿಠಾಣೆಯ ಗುಮಾಸ್ತರಾಗಬೇಕು. ಬಂದವರ ಕಾಗದಪತ್ರ ಪರೀಕ್ಷಿಸಿ ಒಳಗೆ ಬಿಡುವುದು ಅಥವಾ ತಡೆಯುವುದು ಕೆಲಸ. ಎಷ್ಟು ಜನರನ್ನು ವಿಲೇವಾರಿ ಮಾಡಿದರೋ ಅಷ್ಟು ಸಂಬಳ, ತಪ್ಪಿದರೆ ದಂಡ, ಸಂಬಳ ಸಾಲದಿದ್ದರೆ ಮನೆಯಲ್ಲಿ ಊಟವೋ ಬೆಚ್ಚಗಿನ ಕೋಣೆಯೋ ಒಂದು ತಪ್ಪುತ್ತದೆ. ಗಂಡನನ್ನು ಒಳಗೆ ಬಿಟ್ಟ ಮೇಲೆ ಹೆಂಡತಿಯ ಕಾಗದದಲ್ಲಿ ಕೊರತೆ ಕಂಡಾಗ ಏನು ಮಾಡಬೇಕು ಎಂಬ ಪ್ರಶ್ನೆ ಆಡುವವರ ಬೆರಳ ತುದಿಗೇ ಬರುತ್ತದೆ. ಚಿತ್ರಗಳು ಒರಟು, ಸಂಗೀತ ಅತಿ ಕಡಮೆ. ಆದರೂ ದರ್ಪದ ವ್ಯವಸ್ಥೆಯೊಂದು ಸಾಮಾನ್ಯ ಮನುಷ್ಯನನ್ನು ತನ್ನ ಕ್ರೌರ್ಯದಲ್ಲಿ ಪಾಲುದಾರನನ್ನಾಗಿ ಮಾಡುವ ಬಗೆ ಆಡುವವರಿಗೆ ಒಳಗಿನಿಂದ ಅರ್ಥವಾಗುತ್ತದೆ. ಕಾದಂಬರಿ ಓದಿದವರು ಅಂಥ ಗುಮಾಸ್ತನನ್ನು ನೋಡುತ್ತಾರೆ. ಇಲ್ಲಿ ಆಡುವವರೇ ಆ ತಪ್ಪನ್ನು ಮಾಡಿರುತ್ತಾರೆ. ದಾರ್ಶನಿಕ ಸಿ. ಥೀ ನ್ಯೂಯೆನ್ 2020ರ ತಮ್ಮ ಪುಸ್ತಕದಲ್ಲಿ ಈ ಗುಣವನ್ನೇ ಹಿಡಿದು, ಚಿತ್ರಕಾರನಿಗೆ ಬಣ್ಣ ಹೇಗೋ ಆಟದ ರಚನಕಾರನಿಗೆ ಮನುಷ್ಯನ ಕ್ರಿಯಾಶಕ್ತಿ ಹಾಗೆ ಎಂದು ವಾದಿಸಿದ್ದಾರೆ. ಯಾವ ಗುರಿ ಕೊಡಬೇಕು, ಯಾವ ಸಾಮರ್ಥ್ಯ ಕೊಡಬೇಕು, ಯಾವ ಅಡ್ಡಿ ಇಡಬೇಕು ಎಂಬ ಆಯ್ಕೆಗಳಲ್ಲಿ ಈ ಮಾಧ್ಯಮದ ಸ್ವಂತ ಕಲೆ ಇದೆ.

ಗೆಲುವಿನ ಬಗ್ಗೆ ಈಬರ್ಟ್ ಎತ್ತಿದ ಆಕ್ಷೇಪಕ್ಕೂ ಇಲ್ಲಿಯೇ ಉತ್ತರವಿದೆ. 2012ರ 'ಜರ್ನಿ' ಗೇಮಿನಲ್ಲಿ ಅಂಕಗಳಿಲ್ಲ, ಸೋಲಿಸಬೇಕಾದ ಎದುರಾಳಿಯಿಲ್ಲ. ಮರಳುಗಾಡಿನಲ್ಲಿ ದೂರದ ಬೆಟ್ಟದ ಕಡೆಗೆ ನಡೆಯುವಾಗ ಪ್ರಪಂಚದ ಯಾವುದೋ ಮೂಲೆಯಿಂದ ಇನ್ನೊಬ್ಬರು ಜೊತೆಯಾಗಬಹುದು. ಅವರ ಹೆಸರು ಆಟದ ನಡುವೆ ತಿಳಿಯುವುದಿಲ್ಲ, ಮಾತಾಡುವಂತಿಲ್ಲ, ನಾದದಂಥ ಒಂದು ಸದ್ದು ಮಾತ್ರ ಹೊರಡಿಸಬಹುದು. ಅಪರಿಚಿತರ ನಡುವೆ ಅಕ್ಕರೆ ಹುಟ್ಟಲೆಂದೇ ಈ ನಿರ್ಬಂಧಗಳನ್ನು ಯೋಚಿಸಿ ಇಟ್ಟಿದ್ದಾರೆ. ತಮ್ಮ ಮಗುವಿನ ಕ್ಯಾನ್ಸರ್ ಬಗ್ಗೆ ತಂದೆ ತಾಯಿಯೇ ಮುಂದೆ ನಿಂತು ರಚಿಸಿದ, 2016ರಲ್ಲಿ ಹೊರಬಂದ 'ದಟ್ ಡ್ರಾಗನ್, ಕ್ಯಾನ್ಸರ್' ಗೇಮಿನ ಒಂದು ದೃಶ್ಯದಲ್ಲಿ ಆಡುವವರು ಏನೇ ಮಾಡಿದರೂ ಮಗುವಿನ ಅಳು ನಿಲ್ಲುವುದಿಲ್ಲ. ಗುಂಡಿ ಒತ್ತಿದರೆ ಫಲ ಸಿಗಬೇಕೆಂಬ ಆಟದ ರೂಢಿಯನ್ನು ಬೇಕೆಂದೇ ಮುರಿದು, ಅಸಹಾಯಕತೆಯನ್ನು ಅನುಭವಕ್ಕೆ ತಂದುಕೊಡುವ ರಚನೆ ಅದು. ಗೆಲ್ಲಲು ಇರುವ ಗೇಮ್‌ಗಳಲ್ಲಿ ಸಹ ಗೆಲುವು ಕೊನೆಯ ಮಾತಲ್ಲ. ಹುಕ್ಕಾದ ಉದ್ದೇಶ ಹೊಗೆ ಸೇದುವುದು. ಆ ಉದ್ದೇಶ ಇದ್ದೂ ಬಿದ್ರಿ ಹುಕ್ಕಾ ಕಲೆಯಾಯಿತು. ಒಂದು ಗುರಿ ಇದೆ ಎಂಬ ಕಾರಣಕ್ಕೆ ಗೇಮ್ ಕಲೆಯಾಗದೆ ಉಳಿಯಬೇಕಿಲ್ಲ.

ಕರ್ತೃ ಯಾರು ಎಂಬ ಪ್ರಶ್ನೆ

ಆಡುವವರು ತಮ್ಮಿಷ್ಟದಂತೆ ನಡೆದರೆ ರಚನಕಾರರ ಹಿಡಿತ ತಪ್ಪುತ್ತದೆ, ಹಿಡಿತವಿಲ್ಲದ ಕಡೆ ಕಲಾಕೃತಿಯೂ ಇಲ್ಲ ಎಂಬುದು ಇನ್ನೊಂದು ವಾದ. ಈ ವಾದವನ್ನು ಬೀದರ್‌ನ ಕಟ್ಟಡಗಳ ಮುಂದೆ ನಿಲ್ಲಿಸಿ ನೋಡಬೇಕು. ಬಹಮನಿಗಳು 15ನೆಯ ಶತಮಾನದಲ್ಲಿ ಕಟ್ಟಿಸಿದ ಕೋಟೆಗೆ ಕೆಂಪು ಮುರಕಲ್ಲಿನಲ್ಲಿ ಕಡಿದ ಮೂರು ಸಾಲಿನ ಕಂದಕವಿದೆ. ಒಳಕ್ಕೆ ಹೋಗುವ ದಾರಿ ಶರ್ಜಾ ದರ್ವಾಜಾ, ಗುಂಬದ್ ದರ್ವಾಜಾಗಳನ್ನು ಹಾದು ಸಾಗುತ್ತದೆ. ರಂಗೀನ್ ಮಹಲಿನ ಒಳಗೆ ಕಾಲಿಟ್ಟವರಿಗೆ ಮರದ ಕೆತ್ತನೆ, ಬಣ್ಣದ ಹೆಂಚು, ಕರಿಗಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು ಒಂದಾದ ಮೇಲೊಂದು ಕಾಣುತ್ತವೆ. 1472ರಲ್ಲಿ ಮುಗಿದ ಮಹಮೂದ್ ಗವಾನನ ಮದರಸಾದ ಅಂಗಳದಲ್ಲಿ ನಿಂತಾಗ ಕಾಣುವುದು ಒಂದು, ಹೊರಗಿನಿಂದ ಹೆಂಚಿನ ಅಕ್ಷರವಿನ್ಯಾಸ ನೋಡಿದಾಗ ಕಾಣುವುದು ಇನ್ನೊಂದು. ಅಲಿ ಬರೀದನ ಗೋರಿ ನಾಲ್ಕೂ ಕಡೆ ತೆರೆದಿರುವುದರಿಂದ ಯಾವ ದಿಕ್ಕಿನಿಂದ ಹತ್ತಿರ ಬಂದರೂ ಒಂದು ನೋಟ ಸಿಗುತ್ತದೆ. ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನೋಡಬೇಕು ಎಂಬುದು ಬಂದವರ ಇಷ್ಟ. ಶಿಲ್ಪಿ ಅವರ ಕಾಲನ್ನು ಕಟ್ಟಿಹಾಕಿಲ್ಲ. ಆದರೆ ಅವರು ಇಡಬಹುದಾದ ಹೆಜ್ಜೆಗಳನ್ನೆಲ್ಲ ಮುಂಚೆಯೇ ಯೋಚಿಸಿದ್ದಾನೆ. ವಾಸ್ತುಶಿಲ್ಪ ಕಲೆಯಲ್ಲವೆಂದು ಯಾರೂ ಹೇಳುವುದಿಲ್ಲ. ಗೇಮ್ ರಚನಕಾರರು ಮಾಡುವುದೂ ಇದೇ ಬಗೆಯ ಕೆಲಸ. ಅವರು ಬರೆಯುವುದು ಒಂದು ಘಟನೆಯನ್ನಲ್ಲ, ನಡೆಯಬಹುದಾದ ಘಟನೆಗಳ ಒಂದು ಜಗತ್ತನ್ನು. ಆ ಜಗತ್ತಿನ ಎಲ್ಲೆಗಳಲ್ಲಿ ಅವರ ಹಿಡಿತ ಪೂರ್ತಿಯಾಗಿದೆ.

ನೂರಾರು ಜನ ಸೇರಿ, ದೊಡ್ಡ ಬಂಡವಾಳ ಹೂಡಿ ಮಾರಾಟಕ್ಕೆಂದು ತಯಾರಿಸುವುದರಲ್ಲಿ ಕಲಾವಿದನ ಅಂತರಂಗ ಎಲ್ಲಿಂದ ಬಂತು ಎಂದೂ ಕೇಳುತ್ತಾರೆ. ಬಿದ್ರಿಯ ಕಾರ್ಖಾನೆಯಲ್ಲಿ ಎರಕ ಹೊಯ್ಯುವವರು, ಉಜ್ಜುವವರು, ಕೊರೆಯುವವರು, ಬೆಳ್ಳಿ ಕೂರಿಸುವವರು ಬೇರೆ ಬೇರೆಯಾಗಿರುವುದುಂಟು. ಒಂದು ಹೂದಾನಿಯ ಹಿಂದೆ ಹಲವು ಕೈಗಳಿವೆ, ಅದರ ಮುಂದೆ ಸದಾ ಒಬ್ಬ ಗಿರಾಕಿ ಇದ್ದಾನೆ. ಸಿನಿಮಾದ ದಾರಿಯೂ ಹಾಗೆಯೇ. 1934ರಲ್ಲಿ 'ಸತಿ ಸುಲೋಚನ'ದೊಂದಿಗೆ ಮಾತಾಡಲು ತೊಡಗಿದ ಕನ್ನಡ ಸಿನಿಮಾ, 1970ರ 'ಸಂಸ್ಕಾರ'ದಿಂದ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಮನ್ನಣೆಗೆ ಮುಟ್ಟಿತು. ಅದೂ ಕೂಡ ಕ್ಯಾಮೆರಾ, ಸಂಕಲನ, ಸಂಗೀತ, ನಟನೆಗಳ ಕೂಡುಕೆಲಸವೇ. ಬೆಂಗಳೂರಿನಲ್ಲಿ 1997ರಲ್ಲಿ ರಾಜೇಶ್ ರಾವ್ ಸ್ಥಾಪಿಸಿದ ಧ್ರುವ ಇಂಟರ್‌ಆಕ್ಟಿವ್ ದೇಶದ ಮೊದಮೊದಲ ಗೇಮ್ ಸಂಸ್ಥೆಗಳಲ್ಲಿ ಒಂದು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು. ಇಲ್ಲಿನ ಚಿತ್ರಕಾರರು ವರ್ಷಾನುಗಟ್ಟಲೆ ಹೊರದೇಶದ ಗೇಮ್‌ಗಳಿಗೆ ವಾಹನ, ಕಟ್ಟಡ, ಪಾತ್ರಗಳ ರೂಪ ಕೊಟ್ಟಿದ್ದಾರೆ. ಅವರ ಹೆಸರು ಹೊರಗೆ ಗೊತ್ತಿಲ್ಲ. ಬಹುಪಾಲು ಬಿದ್ರಿ ವಸ್ತುಗಳ ಮೇಲೆಯೂ ಮಾಡಿದವರ ಹೆಸರಿಲ್ಲ. ಹೆಸರು ತಿಳಿಯದಿರುವುದು ನಮ್ಮ ದಾಖಲೆಯ ಕೊರತೆ. ಅದನ್ನು ಕೆಲಸದ ಕೊರತೆಯೆಂದು ಬಗೆಯಬಾರದು.

ಒಪ್ಪಬೇಕಾದ ದೋಷಗಳು

ವ್ಯಸನ, ಹಿಂಸೆ, ಜೂಜು ಇವು ತಂದೆ ತಾಯಂದಿರ ನಿಜವಾದ ಆತಂಕಗಳು. ಅವನ್ನು ಹಗುರವಾಗಿ ಕಾಣಬಾರದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಮಾಡಿ ಹಣದ ಆಟಗಳನ್ನು ನಿಷೇಧಿಸಿತು, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿತು. ಜೂಜನ್ನೂ ಗೇಮನ್ನೂ ಬೇರ್ಪಡಿಸಿದ ಈ ವಿಂಗಡಣೆ ಸರಿಯಾದುದು. ಆದರೆ ಒಂದು ಮಾಧ್ಯಮದ ದುರ್ಬಳಕೆ ಆ ಮಾಧ್ಯಮದ ಸ್ವರೂಪವನ್ನು ನಿರ್ಧರಿಸುವುದಿಲ್ಲ. ಕೀಳು ಕಾದಂಬರಿಗಳಿವೆ, ದ್ವೇಷ ಹರಡುವ ಸಿನಿಮಾಗಳಿವೆ. ಅದರಿಂದ ಕಾದಂಬರಿಯೂ ಸಿನಿಮಾವೂ ಕಲೆಯಲ್ಲ ಎಂದಾಗುವುದಿಲ್ಲ. ಅಲ್ಲದೆ ಕಲೆ ಎಂದು ಒಪ್ಪುವುದು ವಿನಾಯಿತಿ ಕೊಟ್ಟಂತಲ್ಲ, ಹೆಚ್ಚು ಕಠಿಣವಾದ ಪರೀಕ್ಷೆಗೆ ಒಡ್ಡಿದಂತೆ. ಮಗುವಿನ ಸಮಯವನ್ನೂ ಹಣವನ್ನೂ ಹೀರುವುದಕ್ಕೆಂದೇ ಹೆಣೆದ ಗೇಮ್ ಬರಿಯ ಮನರಂಜನೆಯಾಗಿದ್ದರೆ ಅದನ್ನು ಲಾಭ ನಷ್ಟದ ಲೆಕ್ಕಕ್ಕೆ ಬಿಟ್ಟುಬಿಡಬಹುದು. ಕಲೆಯ ಅಳತೆಗೋಲು ಹಿಡಿದರೆ ಅದನ್ನು ಕೆಟ್ಟ ರಚನೆ ಎಂದು ಹೆಸರಿಟ್ಟು ಕರೆಯುವ ಹಕ್ಕು ವಿಮರ್ಶಕರಿಗೆ ಬರುತ್ತದೆ. ಎಲ್ಲ ಗೇಮ್‌ಗಳೂ ಒಳ್ಳೆಯ ಕಲಾಕೃತಿಗಳೆಂದು ಇಲ್ಲಿ ಹೇಳುತ್ತಿಲ್ಲ. ಮಾರುಕಟ್ಟೆಯಲ್ಲಿ ಅವಸರದಲ್ಲಿ ಮಾಡಿದ ಬಿದ್ರಿಯೂ ಸಿಗುತ್ತದೆ; ಒಳ್ಳೆಯ ಬಿದ್ರಿ ಯಾವುದು ಎಂದು ಬಲ್ಲವರು ಇರುವುದರಿಂದಲೇ ಅದರ ನಡುವೆ ಆಯ್ಕೆ ಸಾಧ್ಯವಾಗಿದೆ.

ಇನ್ನೂ ದೊಡ್ಡ ದೌರ್ಬಲ್ಯ ಬಾಳಿಕೆಯದು. 17ನೆಯ ಶತಮಾನದ ಬಿದ್ರಿ ಹುಕ್ಕಾಗಳು ಇಂದಿಗೂ ಮ್ಯೂಸಿಯಂಗಳಲ್ಲಿವೆ. 20 ವರ್ಷ ಹಿಂದಿನ ಗೇಮ್ ನಡೆಸಬೇಕಾದರೆ ಆ ಕಾಲದ ಯಂತ್ರ ಬೇಕು, ಆ ಯಂತ್ರದ ಬಿಡಿಭಾಗ ಬೇಕು, ಎಷ್ಟೋ ಸಲ ಮುಚ್ಚಿಹೋದ ಕಂಪನಿಯ ಸರ್ವರ್ ಬೇಕು. ಅಮೆರಿಕದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಗೇಮ್‌ಗಳಲ್ಲಿ ಶೇ. 87ರಷ್ಟು ಈಗ ಕೊಳ್ಳಲು ಸಿಗುವುದಿಲ್ಲ ಎಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ವರದಿ ಮಾಡಿತು. ಭಾರತದ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಗೇಮ್‌ಗೆ ಸ್ವತಂತ್ರ ಸ್ಥಾನವಿಲ್ಲ. ಅದರ ಪ್ರೋಗ್ರಾಮ್ ಸಾಹಿತ್ಯ ಕೃತಿಯ ವ್ಯಾಖ್ಯೆಯೊಳಗೆ ಬರುತ್ತದೆ. ಅಳಿಯುವ ಕಲೆ ಕಲೆಯೇ ಅಲ್ಲ ಎನ್ನಲಾಗದು, ಹಾಗೆ ಅಂದರೆ ರಾತ್ರಿಯಿಡೀ ನಡೆದು ಬೆಳಗಿಗೆ ಮುಗಿಯುವ ಬಯಲಾಟವನ್ನೂ ಕೈಬಿಡಬೇಕಾಗುತ್ತದೆ. ಆದರೆ ಉಳಿಸಿಕೊಳ್ಳದ ಕಲೆಗೆ ಪರಂಪರೆ ಬೆಳೆಯುವುದಿಲ್ಲ, ಪರಂಪರೆ ಇಲ್ಲದೆ ವಿಮರ್ಶೆ ಬೆಳೆಯುವುದಿಲ್ಲ. ಈ ಮಾಧ್ಯಮವನ್ನು ಸಂಸ್ಕೃತಿಯ ಭಾಗವೆಂದು ಒಪ್ಪಬೇಕೆಂಬುದಕ್ಕೆ ಇದೇ ಅತ್ಯಂತ ವ್ಯಾವಹಾರಿಕ ಕಾರಣ. ಯಾವುದನ್ನು ಕಲೆ ಎಂದು ಎಣಿಸುತ್ತೇವೋ ಅದನ್ನಷ್ಟೇ ಸಮಾಜ ಕಾಪಾಡಿ ಇಡುತ್ತದೆ.

ಬೀದರ್, ಭಾಲ್ಕಿ, ಔರಾದ್ ಮತ್ತು ಕನ್ನಡ

ಬೀದರ್ ಜಿಲ್ಲೆಯಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಔರಾದ್ ತಾಲ್ಲೂಕು ಮಹಾರಾಷ್ಟ್ರ ಮತ್ತು ತೆಲಂಗಾಣದ ಅಂಚಿನಲ್ಲಿದೆ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆಗೆ ಆಸರೆಯಿಲ್ಲದಿದ್ದಾಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ್ದನ್ನು ಈ ಭಾಗದ ಜನ ಇಂದಿಗೂ ನೆನೆಯುತ್ತಾರೆ. ಮಕ್ಕಳು ದಿನವೂ ಹೊಕ್ಕು ಹೊರಡುವ ಜಗತ್ತಿನಲ್ಲಿ ತಮ್ಮ ಭಾಷೆ ಇರಬೇಕು ಎಂಬುದು ಆ ಕೆಲಸದ ಹಿಂದಿದ್ದ ತಿಳಿವಳಿಕೆ. ಇಂದು ಆ ಜಗತ್ತಿನ ಒಂದು ದೊಡ್ಡ ಭಾಗ ಮೊಬೈಲ್ ಪರದೆಯಲ್ಲಿದೆ, ಅಲ್ಲಿ ಕನ್ನಡ ತೀರ ಕಡಮೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ಹೊರತಂದ 'ರಾಜಿ' ಭಾರತೀಯ ಪುರಾಣ, ರಾಜಸ್ಥಾನದ ಕಟ್ಟಡ ಮತ್ತು ನೆರಳುಗೊಂಬೆಯ ಶೈಲಿಯನ್ನು ಬಳಸಿ ಪ್ರಪಂಚದ ಗಮನ ಸೆಳೆಯಿತು. 2023ರ 'ವೆಂಬಾ' ಕೆನಡಾಕ್ಕೆ ವಲಸೆ ಹೋದ ತಮಿಳು ಕುಟುಂಬವೊಂದರ ಅಡುಗೆಮನೆಯ ಮೂಲಕ ಭಾಷೆ ಕಳೆದುಕೊಳ್ಳುವ ನೋವನ್ನು ಹೇಳಿತು. ತೊಗಲುಗೊಂಬೆ, ಗಂಜೀಫಾ, ಬಿದ್ರಿ, ಬೀದರ್ ಬಳಿಯ ಅಷ್ಟೂರಿನ ಗುಮ್ಮಟಗಳ ಒಳಗಿನ ವರ್ಣಚಿತ್ರ ಇವೆಲ್ಲ ನಮ್ಮಲ್ಲೇ ಇವೆ. 2012ರಲ್ಲಿ ದೇಶದಲ್ಲೇ ಮೊದಲು ಅನಿಮೇಷನ್ ಮತ್ತು ಗೇಮಿಂಗ್ ನೀತಿ ತಂದ ರಾಜ್ಯವೂ ಕರ್ನಾಟಕವೇ. ಆ ನೀತಿ ಉದ್ಯೋಗ ಮತ್ತು ಹೂಡಿಕೆಯ ಮಾತಾಡಿತು. ಅದರ ಪಕ್ಕದಲ್ಲಿ ಸಂಸ್ಕೃತಿಯ ಮಾತೂ ಬರಬೇಕು.

ವಿಡಿಯೋ ಗೇಮ್ ಕಲೆಯಾಗಬಲ್ಲದು, ಕೆಲವು ಗೇಮ್‌ಗಳಲ್ಲಿ ಈಗಾಗಲೇ ಆಗಿದೆ. ಬಳಕೆ, ಗುರಿ, ಮಾರುಕಟ್ಟೆ, ಹಲವು ಕೈ, ಬಳಸುವವರ ಸ್ವಾತಂತ್ರ್ಯ ಇವು ಯಾವುವೂ ಅದನ್ನು ಹೊರಗಿಡಲು ಸಾಕಾಗುವ ಕಾರಣಗಳಲ್ಲ; ಸಾಕಾಗುತ್ತಿದ್ದರೆ ಬಿದ್ರಿಯನ್ನೂ ಬೀದರ್ ಕೋಟೆಯನ್ನೂ ಹೊರಗಿಡಬೇಕಾಗುತ್ತಿತ್ತು. ಇನ್ನು ಮುಂದೆ ಕೇಳಬೇಕಾದ್ದು ಯಾವ ಗೇಮ್ ಒಳ್ಳೆಯದು, ಏಕೆ ಒಳ್ಳೆಯದು ಎಂಬುದನ್ನು. ಅದಕ್ಕೆ ಕನ್ನಡದಲ್ಲಿ ಗೇಮ್ ವಿಮರ್ಶೆ ಹುಟ್ಟಬೇಕು, ಅಕಾಡೆಮಿಗಳು ಮತ್ತು ವಿಶ್ವವಿದ್ಯಾಲಯಗಳು ಈ ಮಾಧ್ಯಮವನ್ನು ಅಭ್ಯಾಸದ ವಿಷಯವಾಗಿ ತೆಗೆದುಕೊಳ್ಳಬೇಕು, ರಾಜ್ಯದ ಸಂಗ್ರಹಾಲಯಗಳು ಇಲ್ಲಿ ತಯಾರಾದ ಗೇಮ್‌ಗಳನ್ನು ಕಾಪಾಡಬೇಕು. ಬೀದರ್, ಭಾಲ್ಕಿ, ಔರಾದ್‌ಗಳ ಕಾಲೇಜುಗಳಲ್ಲಿ ಪ್ರೋಗ್ರಾಮಿಂಗ್ ಕಲಿಯುತ್ತಿರುವ ಹುಡುಗ ಹುಡುಗಿಯರು ಬಿದ್ರಿ ಕುಶಲಕರ್ಮಿಗಳ ಜೊತೆ ಕೂತು ಕೆಲಸ ಮಾಡುವಂಥ ಅವಕಾಶವನ್ನು ಸರಕಾರವೂ ಶಿಕ್ಷಣ ಸಂಸ್ಥೆಗಳೂ ಸೇರಿ ಒದಗಿಸಬೇಕು.